ವೈರಸ್ ಚಿಕಿತ್ಸೆಗಾಗಿ ಅಕ್ಕನ ಕಿಮೋಥೆರಪಿ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ಅಕ್ಕನಿಗೆ 51 ವರ್ಷ. ನಾಲ್ಕು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿತ್ತು. ಈಗ ಅದೇ ಜಾಗದಲ್ಲಿ ಮತ್ತೆ ಗಡ್ಡೆ ಕಾಣಿಸಿಕೊಂಡಿದೆ. ಮೊದಲು ಕಿಮೋಥೆರಪಿ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಹೇಳಿದ್ದಾರೆ. ಕ್ರೊಯೇಷಿಯಾದ ವಿಜ್ಞಾನಿಯೊಬ್ಬರು ತಮ್ಮ ಪ್ರಯೋಗಾಲಯದಲ್ಲೇ ವೈರಸ್ ಬೆಳೆಸಿ, ಅದನ್ನೇ ಗಡ್ಡೆಗೆ ಚುಚ್ಚಿಸಿಕೊಂಡು ಪಾರಾದರು ಎಂಬ ಸುದ್ದಿ ಓದಿದಾಗಿನಿಂದ ಅಕ್ಕ ಕಿಮೋಥೆರಪಿ ಬೇಡವೆನ್ನುತ್ತಿದ್ದಾಳೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ವಾದಿಸುತ್ತಾಳೆ. ಆದರೆ ಕೆಲವು ವೈರಸ್‌ಗಳಿಂದಲೇ ಕ್ಯಾನ್ಸರ್ ಬರುತ್ತದೆ ಎಂದೂ ಕೇಳಿದ್ದೇನೆ. ಈ ಚಿಕಿತ್ಸೆ ನಿಜವೇ? ಅದಕ್ಕಾಗಿ ಕಾಯಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೆ ಅಂಟುವ ಭಯವಿಲ್ಲವೇ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ವಿವರಣೆ ಆಮೇಲೆ. ಕಿಮೋಥೆರಪಿ ನಿಲ್ಲಿಸಬೇಡಿ, ಮುಂದೂಡಲೂ ಬೇಡಿ. ವೈರಸ್ ಚಿಕಿತ್ಸೆ ಸುಳ್ಳಲ್ಲ. ಅದು ನಿಜವಾದ ವಿಜ್ಞಾನ, ನಾನು ವರ್ಷಗಟ್ಟಲೆ ಆಸೆಯಿಂದ ಹಿಂಬಾಲಿಸಿಕೊಂಡು ಬಂದಿರುವ ವಿಜ್ಞಾನ. ಆದರೆ ಇಂದಿನವರೆಗೆ ಸ್ತನ ಕ್ಯಾನ್ಸರ್‌ಗೆಂದು ಒಪ್ಪಿಗೆ ಪಡೆದ ವೈರಸ್ ಔಷಧ ಯಾವುದೂ ಇಲ್ಲ. ನಿಮ್ಮ ಅಕ್ಕನ ಎದುರಿಗಿರುವುದು ಕಾಯುವುದಕ್ಕೆ ಬಿಡುವು ಕೊಡುವ ಕಾಯಿಲೆಯೂ ಅಲ್ಲ.

ಅಕ್ಕ ಓದಿದ ಸುದ್ದಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅವರ ಮನಸ್ಸು ತಿರುಗಿರುವುದು ಅಲ್ಲಿಂದಲೇ. ಆ ವಿಜ್ಞಾನಿಯ ಹೆಸರು ಬೆಯಾಟಾ ಹಲಾಸಿ, ಜಾಗ್ರೆಬ್ ವಿಶ್ವವಿದ್ಯಾಲಯದ ವೈರಸ್ ತಜ್ಞೆ. 2020ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಎರಡನೆಯ ಬಾರಿ ಮರುಕಳಿಸಿತು. ಹಿಂದೆ ಸ್ತನವನ್ನು ತೆಗೆದಿದ್ದ ಜಾಗದಲ್ಲೇ ಗಡ್ಡೆ ಬೆಳೆದು ಎದೆಯ ಸ್ನಾಯುವಿಗೆ ಹಬ್ಬಿತ್ತು. ಇನ್ನೊಂದು ಸುತ್ತಿನ ಕಿಮೋಥೆರಪಿಯನ್ನು ತಾಳಲಾರೆ ಎನ್ನಿಸಿ ಅವರು ಎರಡು ವೈರಸ್‌ಗಳನ್ನು ಸಿದ್ಧಪಡಿಸಿದರು. ಒಂದು, ಮಕ್ಕಳ ದಡಾರ ಲಸಿಕೆಯಲ್ಲಿ ಬಳಸುವ ದುರ್ಬಲಗೊಳಿಸಿದ ವೈರಸ್. ಇನ್ನೊಂದು, ದನ ಮತ್ತು ಕುದುರೆಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವೆಸಿಕ್ಯುಲರ್ ಸ್ಟೊಮಾಟೈಟಿಸ್ ವೈರಸ್. ಮೊದಲು ಅದನ್ನು, ಆಮೇಲೆ ಇದನ್ನು, ಸುಮಾರು ಎರಡು ತಿಂಗಳ ಅವಧಿಯಲ್ಲಿ ಸಹೋದ್ಯೋಗಿಯೊಬ್ಬರು ನೇರವಾಗಿ ಗಡ್ಡೆಯೊಳಕ್ಕೆ ಚುಚ್ಚಿದರು. ಗಡ್ಡೆ ಕುಗ್ಗಿತು, ಮೆತ್ತಗಾಯಿತು, ಸ್ನಾಯುವನ್ನು ಹಿಡಿದುಕೊಂಡಿದ್ದ ಪಟ್ಟು ಸಡಿಲಿಸಿತು. ಇದು 2024ರಲ್ಲಿ ಪ್ರಕಟವಾದ ಸಂಗತಿ. ಸ್ವಂತ ದೇಹದ ಮೇಲೆ ಮಾಡಿಕೊಂಡ ಪ್ರಯೋಗವೆಂಬ ಕಾರಣಕ್ಕೆ ಹತ್ತಾರು ವಿಜ್ಞಾನ ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು.

ಸುದ್ದಿಯ ತಲೆಬರಹದಲ್ಲಿ ಬಾರದೆ ಹೋದ ಸಂಗತಿಗಳನ್ನು ಅಕ್ಕನಿಗೆ ಓದಿ ಹೇಳಿ. ಗಡ್ಡೆ ತಾನಾಗಿ ಕರಗಿ ಮಾಯವಾಗಲಿಲ್ಲ. ಕುಗ್ಗಿದ ಮೇಲೆ ಅದನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆದರು. ಅದಾದ ಮೇಲೆ ಅವರು ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ತೆಗೆದುಕೊಂಡರು. ಚುಚ್ಚಿಸಿಕೊಳ್ಳುತ್ತಿದ್ದ ಅಷ್ಟೂ ದಿನ ಅವರ ಕ್ಯಾನ್ಸರ್ ವೈದ್ಯರು ಮೇಲೆ ಕಣ್ಣಿಟ್ಟಿದ್ದರು, ಬೇಕೆನಿಸಿದ ಗಳಿಗೆಯಲ್ಲಿ ಮಾಮೂಲಿ ಚಿಕಿತ್ಸೆಗೆ ಹೊರಳಲು ಸಿದ್ಧರಿದ್ದರು. ಹೀಗಾಗಿ ವೈರಸ್ ಅಲ್ಲಿ ಮಾಡಿದ್ದು ಶಸ್ತ್ರಚಿಕಿತ್ಸೆಗೆ ದಾರಿ ಸುಗಮಗೊಳಿಸುವ ಕೆಲಸ. ನಿಮ್ಮ ಅಕ್ಕನಿಗೆ ವೈದ್ಯರು ಸೂಚಿಸಿರುವ ಕ್ರಮದಲ್ಲಿ ಕಿಮೋಥೆರಪಿಯ ಕೆಲಸವೂ ಅದೇ. ವ್ಯತ್ಯಾಸವೆಂದರೆ ಕಿಮೋಥೆರಪಿಯ ಹಿಂದೆ ಲಕ್ಷಾಂತರ ಮಹಿಳೆಯರ ಅನುಭವವಿದೆ, ಆ ಎರಡು ವೈರಸ್‌ಗಳ ಜೋಡಿಯ ಹಿಂದೆ ಒಬ್ಬರೇ ಒಬ್ಬರಿದ್ದಾರೆ.

ಆ ಒಬ್ಬರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಹಾಗೆಂದು ಅದನ್ನು ಅನುಕರಿಸಿ ಎಂದು ಯಾರಿಗೂ ಹೇಳಲಾರೆ. ಅವರು ಜೀವಮಾನವಿಡೀ ವೈರಸ್ ಬೆಳೆಸಿ, ಶುದ್ಧೀಕರಿಸಿ, ಎಣಿಸಿದವರು. ಆ ಎಣಿಕೆ ಎಂಬ ಮಾತಿನಲ್ಲೇ ಈ ಚಿಕಿತ್ಸೆಯ ಅರ್ಧ ಗುಟ್ಟಿದೆ.

ನಾನು ಕ್ಯಾನ್ಸರ್ ವೈದ್ಯಕೀಯಕ್ಕೆ ಬರುವ ಮುನ್ನ ಕೆಲವು ವರ್ಷ ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಜೀವಕೋಶಗಳನ್ನು ಬೆಳೆಸುತ್ತಾರೆ. ಎರಡು ದಿನದಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು, ಸಂದಿಲ್ಲದಂತೆ ಕಲ್ಲು ಹಾಸಿದ ಅಂಗಳದ ಹಾಗೆ ಹರಡಿಕೊಳ್ಳುತ್ತವೆ. ಅದರ ಮೇಲೆ ವೈರಸ್ ಇರುವ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ ಬೇರೆ ಬೇರೆ ತಟ್ಟೆಗೆ ಹಾಕುತ್ತೇವೆ. ವೈರಸ್ ತೇಲಿ ದೂರ ಹೋಗದಂತೆ ಮೇಲೊಂದು ಗಟ್ಟಿ ಲೋಳೆಯ ಹೊದಿಕೆ. ಮಾರನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಗಳದ ಒಂದು ಮೂಲೆಯಲ್ಲಿ ನಾಲ್ಕೈದು ಕೋಶಗಳು ಉಬ್ಬಿ ಗುಂಡಗಾಗಿರುತ್ತವೆ. ಅದರ ಮರುದಿನ ಅವು ಕಿತ್ತು ಬಂದಿರುತ್ತವೆ, ಸುತ್ತಲಿನವು ಉಬ್ಬಿರುತ್ತವೆ. ಮೂರನೆಯ ದಿನ ನೇರಳೆ ಬಣ್ಣ ಹಾಕಿ ತೊಳೆದರೆ ಬದುಕಿರುವ ಕೋಶಗಳೆಲ್ಲ ಬಣ್ಣ ಹಿಡಿದಿರುತ್ತವೆ, ಸತ್ತ ಜಾಗಗಳು ಬಿಳಿ ಚುಕ್ಕೆಗಳಾಗಿ ಬರಿಗಣ್ಣಿಗೇ ಕಾಣುತ್ತವೆ. ಒಂದು ಚುಕ್ಕೆ ಎಂದರೆ ಮೊದಲು ಅಲ್ಲಿ ಇಳಿದ ಒಂದು ಜೀವಂತ ವೈರಸ್. ತಟ್ಟೆಯನ್ನು ದೀಪಕ್ಕೆ ಹಿಡಿದು, ಪೆನ್ನಿನಿಂದ ಗುರುತು ಹಾಕುತ್ತಾ ಆ ಚುಕ್ಕೆಗಳನ್ನು ಎಣಿಸುವುದೇ ನನ್ನ ಕೆಲಸವಾಗಿತ್ತು. ಇಂದಿಗೂ ವೈರಸ್ ಔಷಧದ ಪ್ರಮಾಣವನ್ನು ಮಿಲಿಗ್ರಾಮಿನಲ್ಲಿ ಅಳೆಯುವುದಿಲ್ಲ, ಇಂಥ ಚುಕ್ಕೆಗಳ ಲೆಕ್ಕದಲ್ಲೇ ಅಳೆಯುತ್ತಾರೆ.

ಒಂದೇ ವೈರಸ್‌ನಿಂದ ಶುರುವಾದದ್ದು ಸಾವಿರಾರು ಕೋಶಗಳನ್ನು ಖಾಲಿ ಮಾಡುವುದನ್ನು ಕಣ್ಣಾರೆ ಕಂಡವರಿಗೆ ಇದನ್ನು ಗಡ್ಡೆಯೊಳಗೆ ಬಿಟ್ಟರೆ ಹೇಗೆ ಎಂಬ ಯೋಚನೆ ಬಾರದೆ ಇರದು. ಮಾಮೂಲಿ ಔಷಧ ಯಾವುದೂ ದೇಹದೊಳಕ್ಕೆ ಹೋದ ಮೇಲೆ ತಾನೇ ಹೆಚ್ಚುವುದಿಲ್ಲ. ಇದು ಹೆಚ್ಚುತ್ತದೆ. ಆದರೆ ಅದೇ ವೈರಸ್ ಆರೋಗ್ಯವಂತ ಕೋಶವನ್ನೂ ಕೊಂದರೆ ಏನು ಗತಿ?

ಇಲ್ಲಿ ಪ್ರಕೃತಿಯೇ ಒಂದು ಅನುಕೂಲ ಮಾಡಿಕೊಟ್ಟಿದೆ. ಆರೋಗ್ಯವಂತ ಕೋಶಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಕ್ಕೆ ಬಿಟ್ಟು ಅಕ್ಕಪಕ್ಕದ ಕೋಶಗಳಿಗೆಲ್ಲ ಡಂಗುರ ಸಾರುತ್ತದೆ. ತಾನು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ವೈರಸ್‌ಗೆ ಸ್ವಂತದ ಕಾರ್ಖಾನೆ ಇಲ್ಲ, ಕೋಶದ ಯಂತ್ರಗಳೇ ಅದಕ್ಕೆ ಗತಿ. ಯಂತ್ರ ನಿಂತರೆ ವೈರಸ್‌ನ ಆಟವೂ ನಿಂತಿತು. ಇದೇ ಇಂಟರ್‌ಫೆರಾನ್ ಕೋಶ ಅಂಕೆ ಮೀರಿ ವಿಭಜನೆಯಾಗುವುದನ್ನೂ ತಡೆಯುತ್ತದೆ. ಹಾಗಾಗಿ ಕ್ಯಾನ್ಸರ್ ಕೋಶಗಳಲ್ಲಿ ಬಹಳಷ್ಟು, ಬೆಳೆಯುವ ಆತುರದಲ್ಲಿ ಈ ವ್ಯವಸ್ಥೆಯನ್ನು ಕೆಡಿಸಿಕೊಂಡಿರುತ್ತವೆ. ಬೆಳೆಯಲು ಅಡ್ಡಿಯಾಗುತ್ತದೆಂದು ಬಾಗಿಲನ್ನೇ ಕಿತ್ತು ಹಾಕಿದ ಮನೆ ಅದು. ಕಳ್ಳ ಬಂದರೆ ತಡೆಯಲು ಏನೂ ಉಳಿದಿಲ್ಲ. ಎಲ್ಲ ಕ್ಯಾನ್ಸರ್‌ಗಳೂ ಹೀಗೆಯೇ ಎಂದುಕೊಳ್ಳಬೇಡಿ. ಬಾಗಿಲು ಗಟ್ಟಿಯಾಗಿಯೇ ಉಳಿದಿರುವ ಗಡ್ಡೆಗಳೂ ಇವೆ, ಅಲ್ಲಿ ವೈರಸ್ ಸೋಲುತ್ತದೆ.

ಈ ಅನುಕೂಲವನ್ನು ನಂಬಿ ಸುಮ್ಮನಿರದೆ ವಿಜ್ಞಾನಿಗಳು ವೈರಸ್‌ನ ವಂಶವಾಹಿಗಳನ್ನೇ ತಿದ್ದಿದರು. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ ಟಿ-ವೆಕ್ ಎಂಬ ಔಷಧ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಕೊಡುವ ಔಷಧ. ಇದರ ಮೂಲ, ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್. ಅದರಿಂದ ಎರಡು ವಂಶವಾಹಿಗಳನ್ನು ತೆಗೆದಿದ್ದಾರೆ. ಮೊದಲನೆಯದು, ಕೋಶ ತನ್ನ ಯಂತ್ರ ನಿಲ್ಲಿಸಿದಾಗ ಅದನ್ನು ಮತ್ತೆ ಚಾಲೂ ಮಾಡಲು ವೈರಸ್ ಬಳಸುವ ಉಪಾಯ. ಅದಿಲ್ಲದೆ ಈ ವೈರಸ್ ಆರೋಗ್ಯವಂತ ಕೋಶದಲ್ಲಿ, ಮುಖ್ಯವಾಗಿ ನರಕೋಶದಲ್ಲಿ, ಬೆಳೆಯಲಾರದು. ಎರಡನೆಯದು, ಸೋಂಕು ತಗುಲಿದ ಕೋಶವನ್ನು ರೋಗನಿರೋಧಕ ವ್ಯವಸ್ಥೆಯ ಕಣ್ಣಿನಿಂದ ಮರೆಮಾಡುವ ಪರದೆ. ಅದನ್ನು ತೆಗೆದರೆ ಕೋಶ ಬಯಲಾಗುತ್ತದೆ. ಎರಡು ತೆಗೆದು ಒಂದನ್ನು ಸೇರಿಸಿದ್ದಾರೆ: ಜಿಎಂ-ಸಿಎಸ್‌ಎಫ್ ಎಂಬ ಮನುಷ್ಯರ ಪ್ರೋಟೀನನ್ನು ತಯಾರಿಸುವ ವಂಶವಾಹಿ. ಇದು ರೋಗನಿರೋಧಕ ವ್ಯವಸ್ಥೆಯ ಕಾವಲು ಕೋಶಗಳನ್ನು ಗಡ್ಡೆಯ ಬಳಿಗೆ ಕರೆಯುತ್ತದೆ.

ಈ ಮೂರು ತಿದ್ದುಪಡಿಗಳಲ್ಲಿ ಎರಡು ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಬಹಳ ಜನ, ವೈದ್ಯರೂ ಸೇರಿದಂತೆ, ಎಡವುವುದು ಇಲ್ಲಿಯೇ. ವೈರಸ್ ಗಡ್ಡೆಯನ್ನು ಪೂರ್ತಿ ತಿಂದು ಮುಗಿಸುತ್ತದೆ ಎಂಬುದು ನಮ್ಮ ಹಳೆಯ ಕಲ್ಪನೆ. ಅದು ಹಾಗೆ ಮಾಡುವುದು ಅಪರೂಪ. ಕೆಲವು ದಿನಗಳಲ್ಲಿ ದೇಹವೇ ವೈರಸ್ಸನ್ನು ಹುಡುಕಿ ನಾಶಮಾಡಿಬಿಡುತ್ತದೆ. ಆದರೆ ಆ ಕೆಲವು ದಿನಗಳಲ್ಲಿ ಅದು ಗಡ್ಡೆಯೊಳಗೆ ದೊಡ್ಡ ಗಲಾಟೆ ಎಬ್ಬಿಸಿರುತ್ತದೆ. ಕೋಶಗಳು ಒಡೆದಾಗ ಅವುಗಳೊಳಗೆ ಅಡಗಿದ್ದ ವಿಕೃತ ಪ್ರೋಟೀನುಗಳು ಹೊರಕ್ಕೆ ಚೆಲ್ಲುತ್ತವೆ. ಕಾವಲು ಕೋಶಗಳು ಅವನ್ನು ಎತ್ತಿಕೊಂಡು ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅಲ್ಲಿಯವರೆಗೆ ಗಡ್ಡೆಯನ್ನು ನಮ್ಮವರೆಂದು ತಿಳಿದು ಸುಮ್ಮನಿದ್ದ ದೇಹ, ಈಗ ಅದನ್ನು ಪರಕೀಯವೆಂದು ಗುರುತಿಸುತ್ತದೆ. ಜಾಗ್ರೆಬ್‌ನ ವಿಜ್ಞಾನಿಯ ಗಡ್ಡೆಯನ್ನು ತೆಗೆದು ಪರೀಕ್ಷಿಸಿದಾಗಲೂ ಅದರೊಳಗೆ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದವು. ಆದ್ದರಿಂದ ವೈರಸ್ಸನ್ನು ಕೊಲೆಗಾರ ಎನ್ನುವುದಕ್ಕಿಂತ ಚಾಡಿಕೋರ ಎನ್ನುವುದೇ ಸರಿ. ಅಡಗಿ ಕೂತ ಕಳ್ಳನ ಸುಳಿವನ್ನು ಅದು ಊರಿಗೆ ಕೊಡುತ್ತದೆ, ಹಿಡಿಯಬೇಕಾದದ್ದು ಊರಿನವರೇ.

ಊರಿನವರು ಎಷ್ಟರ ಮಟ್ಟಿಗೆ ಹಿಡಿಯುತ್ತಾರೆ ಎಂಬುದಕ್ಕೆ ಅಂಕಿ ಅಂಶಗಳಿವೆ. ಟಿ-ವೆಕ್‌ನ ಮುಖ್ಯ ಪ್ರಯೋಗದಲ್ಲಿ 436 ಮೆಲನೋಮ ರೋಗಿಗಳಿದ್ದರು. ಒಂದು ಗುಂಪಿಗೆ ವೈರಸ್, ಇನ್ನೊಂದು ಗುಂಪಿಗೆ ಜಿಎಂ-ಸಿಎಸ್‌ಎಫ್ ಮಾತ್ರ. ಗಡ್ಡೆಗಳು ಗಣನೀಯವಾಗಿ ಕುಗ್ಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ಉಳಿದದ್ದು ವೈರಸ್ ಪಡೆದವರಲ್ಲಿ ಶೇಕಡಾ 16.3, ಇನ್ನೊಂದು ಗುಂಪಿನಲ್ಲಿ ಶೇಕಡಾ 2.1. ನೂರರಲ್ಲಿ ಹದಿನಾರು ಜನ. ಸುದ್ದಿಯ ಉತ್ಸಾಹಕ್ಕೆ ಹೋಲಿಸಿದರೆ ಇದು ಚಿಕ್ಕ ಸಂಖ್ಯೆ. ಆ ಹದಿನಾರು ಜನರಿಗೆ ಅದು ಚಿಕ್ಕದಲ್ಲ. ಗಡ್ಡೆಗಳನ್ನು ಒಂದೊಂದಾಗಿ ಅಳೆದಾಗ ಕಂಡದ್ದು ಇನ್ನೂ ಸ್ವಾರಸ್ಯಕರ. ಸೂಜಿ ಚುಚ್ಚಿದ ಗಡ್ಡೆಗಳಲ್ಲಿ ಶೇಕಡಾ 64ರಷ್ಟು ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ದವು. ಸೂಜಿಯೇ ಮುಟ್ಟದ, ಚರ್ಮ ಮತ್ತು ದುಗ್ಧಗ್ರಂಥಿಗಳಂಥ ಕಡೆಯ ಗಡ್ಡೆಗಳಲ್ಲಿ ಶೇಕಡಾ 34. ಶ್ವಾಸಕೋಶ, ಯಕೃತ್ತಿನಂಥ ಒಳಾಂಗಗಳಲ್ಲಿದ್ದವುಗಳಲ್ಲಿ ಶೇಕಡಾ 15. ಸೂಜಿ ಮುಟ್ಟದ ಗಡ್ಡೆಯೂ ಕುಗ್ಗಿತೆಂದರೆ ಸುಳಿವು ಅಲ್ಲಿಗೂ ತಲುಪಿದೆ ಎಂದೇ ಅರ್ಥ. ಆದರೆ ದೂರ ಹೆಚ್ಚಿದಂತೆ ಫಲ ಇಳಿಯುತ್ತಾ ಹೋಗುವುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ.

ಹಾಗಾದರೆ ಗಡ್ಡೆಗೆ ಚುಚ್ಚುವ ಬದಲು ರಕ್ತನಾಳಕ್ಕೇ ಕೊಟ್ಟರೆ ಎಲ್ಲ ಕಡೆಗೂ ತಲುಪುವುದಿಲ್ಲವೇ ಎಂದು ನೀವು ಕೇಳಬಹುದು. ರಕ್ತದಲ್ಲಿ ವೈರಸ್‌ಗೆ ಹೆಜ್ಜೆ ಹೆಜ್ಜೆಗೂ ಶತ್ರುಗಳು. ದಡಾರ, ಹರ್ಪಿಸ್, ಶೀತದ ವೈರಸ್‌ಗಳ ವಿರುದ್ಧ ನಮ್ಮಲ್ಲಿ ಬಹುತೇಕರ ಮೈಯಲ್ಲಿ ಹಳೆಯ ಪ್ರತಿಕಾಯಗಳಿವೆ. ಉಳಿದುಕೊಂಡ ವೈರಸ್ಸನ್ನು ಯಕೃತ್ತು ಮತ್ತು ಗುಲ್ಮ ಸೋಸಿ ತೆಗೆಯುತ್ತವೆ. ಗಡ್ಡೆಯ ತನಕ ಬಂದರೂ ಅದರ ದಟ್ಟ ನಾರಿನ ಗೋಡೆಯನ್ನು ತೂರಿ ಒಳಗೆ ಹೋಗುವುದು ಸುಲಭವಲ್ಲ. 2014ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಮಲ್ಟಿಪಲ್ ಮೈಲೋಮ ಎಂಬ ಮಜ್ಜೆಯ ಕ್ಯಾನ್ಸರ್ ಇದ್ದ ಇಬ್ಬರಿಗೆ ದಡಾರದ ವೈರಸ್ಸನ್ನು ರಕ್ತನಾಳಕ್ಕೆ ಕೊಟ್ಟ ವರದಿ ಪ್ರಕಟಿಸಿದರು. ಕೊಟ್ಟ ಪ್ರಮಾಣ ಹತ್ತು ಸಾವಿರ ಕೋಟಿ ವೈರಸ್ ಕಣಗಳು, ಅಂದರೆ ಸುಮಾರು ಒಂದು ಕೋಟಿ ಜನರಿಗೆ ಲಸಿಕೆ ಹಾಕಲು ಸಾಲುವಷ್ಟು. ಇಬ್ಬರ ರಕ್ತದಲ್ಲೂ ದಡಾರದ ಪ್ರತಿಕಾಯ ಕಡಿಮೆ ಇತ್ತೆಂಬ ಕಾರಣಕ್ಕೇ ಅವರನ್ನು ಆರಿಸಿದ್ದರು. ಒಬ್ಬ ಮಹಿಳೆಯ ಮೈಯಲ್ಲಿ ಕ್ಯಾನ್ಸರ್‌ನ ಕುರುಹು ಇಲ್ಲವಾಯಿತು, ಇನ್ನೊಬ್ಬರಿಗೆ ಅಷ್ಟು ಫಲ ಸಿಗಲಿಲ್ಲ. ಆಗಲೂ ಪತ್ರಿಕೆಗಳ ತುಂಬ ಮೊದಲನೆಯವರ ಸುದ್ದಿಯೇ ಇತ್ತು.

ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸಿನಿಯಾ ವೈರಸ್ಸನ್ನು ಯಕೃತ್ತಿನ ಕ್ಯಾನ್ಸರ್‌ಗೆ ಬಳಸಿ ನೋಡಿದ ದೊಡ್ಡ ಪ್ರಯೋಗವೊಂದನ್ನು ಫಲವಿಲ್ಲವೆಂದು 2019ರಲ್ಲಿ ನಿಲ್ಲಿಸಿದರು. ಟಿ-ವೆಕ್ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಸೇರಿಸಿದರೆ ಒಂದಕ್ಕೊಂದು ಬಲ ಬರುತ್ತದೆಂದು ನಾವೆಲ್ಲ ನಂಬಿದ್ದೆವು, ಮೊದಲ ಹಂತಗಳ ಫಲಿತಾಂಶವೂ ಹಾಗೆಯೇ ಇತ್ತು. ಮೂರನೆಯ ಹಂತದ ದೊಡ್ಡ ಪ್ರಯೋಗದಲ್ಲಿ ಆ ಜೋಡಿ ಪೆಂಬ್ರೊಲಿಜುಮ್ಯಾಬ್ ಒಂದಕ್ಕಿಂತ ಮೇಲಾಗಲಿಲ್ಲ. ಆ ಫಲಿತಾಂಶ ಓದಿದ ದಿನ ನನಗಾದ ನಿರಾಸೆ ಇನ್ನೂ ನೆನಪಿದೆ. ಒಂದು ಗಡ್ಡೆ ಕುಗ್ಗಿದ ಕಥೆಗೂ, ನೂರಾರು ಜನರಲ್ಲಿ ಫಲ ಕೊಡುವ ಔಷಧಕ್ಕೂ ನಡುವಿನ ದಾರಿ ಎಷ್ಟು ಉದ್ದ ಎಂಬುದು ಇಂಥ ದಿನಗಳಲ್ಲೇ ಅರ್ಥವಾಗುವುದು.

ಈ ದಾರಿ ಹಳೆಯದು ಕೂಡ. ರಕ್ತದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಿಗೆ ಫ್ಲೂ ಜ್ವರದಂಥ ಕಾಯಿಲೆ ಬಂದು ಹೋದ ಮೇಲೆ ಬಿಳಿ ರಕ್ತಕಣಗಳ ಸಂಖ್ಯೆ ಇಳಿದುದನ್ನು ಜಾರ್ಜ್ ಡಾಕ್ ಎಂಬ ಅಮೆರಿಕದ ವೈದ್ಯರು 1904ರಲ್ಲೇ ಬರೆದಿದ್ದರು. ಫ್ಲೂ ಜ್ವರ ವೈರಸ್‌ನಿಂದ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಉಗಾಂಡಾದ ವೈದ್ಯರು ಕಣ್ಣಿನ ಬಳಿ ಬರ್ಕಿಟ್ ಲಿಂಫೋಮ ಎಂಬ ಕ್ಯಾನ್ಸರ್ ಗಡ್ಡೆ ಬೆಳೆದಿದ್ದ ಬಾಲಕನೊಬ್ಬನ ವರದಿ ಪ್ರಕಟಿಸಿದರು. ಆ ಬಾಲಕನಿಗೆ ದಡಾರ ಎದ್ದಿತು, ಗಡ್ಡೆ ಇಳಿಯಿತು. ಇವೆರಡರ ನಡುವೆ ಕತ್ತಲೆಯ ಪುಟಗಳೂ ಇವೆ. 1949ರಲ್ಲಿ ಹಾಡ್ಗ್‌ಕಿನ್ ಕಾಯಿಲೆ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ 22 ರೋಗಿಗಳಿಗೆ ಕಾಮಾಲೆ ತರುವ ಹೆಪಟೈಟಿಸ್ ವೈರಸ್ ಇದ್ದ ದ್ರವಗಳನ್ನು ಕೊಟ್ಟರು. ಕೆಲವರ ಗಡ್ಡೆ ಸ್ವಲ್ಪ ಕಾಲ ಇಳಿಯಿತು, ಆದರೆ ಸೋಂಕು ಜೀವವನ್ನೂ ತೆಗೆಯಿತು. ಪಳಗಿಸದ ವೈರಸ್ ಕ್ಯಾನ್ಸರ್‌ಗಿಂತ ಬೇಗ ಕೊಲ್ಲಬಲ್ಲದು. ವಂಶವಾಹಿ ತಿದ್ದಿದ ಹರ್ಪಿಸ್ ವೈರಸ್ ಮೆದುಳಿನ ಗಡ್ಡೆಯ ವಿರುದ್ಧ ಕೆಲಸ ಮಾಡಬಲ್ಲದೆಂದು 1991ರಲ್ಲಿ ಇಲಿಗಳಲ್ಲಿ ತೋರಿಸಿದ ಮೇಲೆಯೇ ಈ ಕ್ಷೇತ್ರ ಮತ್ತೆ ತಲೆಯೆತ್ತಿದ್ದು.

ಇಂದು ಜಗತ್ತಿನಲ್ಲಿ ಒಪ್ಪಿಗೆ ಪಡೆದವು ಬೆರಳೆಣಿಕೆಯಷ್ಟು. ಚೀನಾ 2005ರಲ್ಲಿ ಎಚ್101 ಎಂಬ, ಶೀತ ತರುವ ಅಡಿನೋವೈರಸ್ ಜಾತಿಯ ಔಷಧಕ್ಕೆ ಮೂಗು-ಗಂಟಲಿನ ಕ್ಯಾನ್ಸರ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಕಿಮೋಥೆರಪಿಯ ಜೊತೆಯಲ್ಲಿ ಬಳಸಲು. ಟಿ-ವೆಕ್ ಬಗ್ಗೆ ಹೇಳಿದ್ದೇನೆ. ಜಪಾನ್ 2021ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತೊಮೊಕಿ ತೊದೊ ಅವರ ತಂಡ ಬೆಳೆಸಿದ ಇನ್ನೊಂದು ಹರ್ಪಿಸ್ ವೈರಸ್‌ಗೆ ಮೆದುಳಿನ ಗ್ಲಯೋಮ ಗಡ್ಡೆಯಲ್ಲಿ ಷರತ್ತಿನ ಒಪ್ಪಿಗೆ ನೀಡಿತು. ಆ ಪ್ರಯೋಗದಲ್ಲಿದ್ದ ರೋಗಿಗಳು 19 ಜನ. ಒಂದು ವರ್ಷದ ನಂತರ ಶೇಕಡಾ 84ರಷ್ಟು ಜನ ಬದುಕಿದ್ದರು. ಮರುಕಳಿಸಿದ ಗ್ಲಯೋಮದಲ್ಲಿ ಇದು ನಿಜಕ್ಕೂ ದೊಡ್ಡ ಸಂಖ್ಯೆ, ಆದರೆ ಹೋಲಿಸಿ ನೋಡಲು ಜೊತೆಗೆ ಇನ್ನೊಂದು ಗುಂಪಿರಲಿಲ್ಲ. 2022ರಲ್ಲಿ ಅಮೆರಿಕದಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಬಂದ ಅಡಿನೋವೈರಸ್ ಔಷಧವನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದು ಕೋಶದೊಳಗೆ ಹೆಚ್ಚುವುದಿಲ್ಲ, ಕೋಶವನ್ನು ಒಡೆಯುವುದಿಲ್ಲ. ಇಂಟರ್‌ಫೆರಾನ್‌ನ ವಂಶವಾಹಿಯನ್ನು ಹೊತ್ತು ತಂದು ಇಳಿಸಿ ಹೋಗುವ ಬರಿಯ ಗಾಡಿ ಅದು.

ಲಾಟ್ವಿಯಾ ದೇಶದ ಕಥೆಯನ್ನು ಮಾತ್ರ ಅಕ್ಕನಿಗೆ ತಪ್ಪದೆ ಹೇಳಿ. ಅಲ್ಲಿ ರಿಗ್ವಿರ್ ಎಂಬ ವೈರಸ್ ಔಷಧ 2004ರಲ್ಲಿ ಮೆಲನೋಮಕ್ಕೆಂದು ನೋಂದಣಿಯಾಗಿತ್ತು. ಹೊರದೇಶಗಳಿಂದಲೂ ರೋಗಿಗಳು ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. 2019ರಲ್ಲಿ ಪರೀಕ್ಷಿಸಿ ನೋಡಿದಾಗ ಸೀಸೆಯಲ್ಲಿದ್ದ ವೈರಸ್ ಪ್ರಮಾಣ ಹೇಳಿಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದು ಗೊತ್ತಾಗಿ ಅದರ ವಿತರಣೆಯನ್ನೇ ನಿಲ್ಲಿಸಿದರು. ನನ್ನ ತಟ್ಟೆಯ ಬಿಳಿ ಚುಕ್ಕೆಗಳ ಮಾತನ್ನು ಅಷ್ಟು ಉದ್ದಕ್ಕೆ ಹೇಳಿದ್ದು ಇದಕ್ಕಾಗಿಯೇ. ವೈರಸ್ ಔಷಧ ಕಣ್ಣಿಗೆ ಬರಿಯ ನೀರಿನಂತೆ ಕಾಣುತ್ತದೆ. ಎಣಿಸಿದವರು ಪ್ರಾಮಾಣಿಕರಲ್ಲದಿದ್ದರೆ ಅದು ನೀರೇ ಆಗಿರಲೂಬಹುದು.

ಇನ್ನು ನಿಮ್ಮ ಮನೆಯ ಮಕ್ಕಳ ವಿಚಾರ. ಮುಳ್ಳಿನಿಂದ ಮುಳ್ಳು ತೆಗೆದ ಮೇಲೆ ತೆಗೆದ ಮುಳ್ಳನ್ನೂ ಓಡಾಡುವ ದಾರಿಯಿಂದಾಚೆ ಹಾಕಬೇಕಲ್ಲವೇ? ಅದಕ್ಕೂ ಕ್ರಮಗಳಿವೆ. ಟಿ-ವೆಕ್ ಕೊಡುವ ದಿನ ಮೈನಸ್ 70 ಡಿಗ್ರಿಗಿಂತ ಕೆಳಗೆ ಇಟ್ಟಿದ್ದ ಸೀಸೆಯನ್ನು ಹೊರತೆಗೆದು, ಹಿಮ ಕರಗುವವರೆಗೆ ಕೋಣೆಯ ಉಷ್ಣತೆಯಲ್ಲಿ ಇಡುತ್ತಾರೆ. ಅಲುಗಾಡಿಸುವಂತಿಲ್ಲ, ನಿಧಾನವಾಗಿ ತಿರುಗಿಸಬೇಕು ಅಷ್ಟೆ. ಮೊದಲ ಸಲ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ವೈರಸ್. ಇದು ದೇಹಕ್ಕೆ ಪರಿಚಯ ಮಾಡಿಸುವ ಪ್ರಮಾಣ. ಮೂರು ವಾರದ ನಂತರ ಒಂದು ಮಿಲಿಲೀಟರಿಗೆ ಹತ್ತು ಕೋಟಿ, ಆಮೇಲೆ ಎರಡು ವಾರಕ್ಕೊಮ್ಮೆ ಅಷ್ಟೇ. ಚರ್ಮದಲ್ಲಿ ಒಂದೇ ತೂತು ಮಾಡಿ, ಸೂಜಿಯನ್ನು ಪೂರ್ತಿ ಹೊರತೆಗೆಯದೆ ಒಳಗೇ ದಿಕ್ಕು ಬದಲಿಸುತ್ತಾ, ಬೀಸಣಿಗೆ ಬಿಚ್ಚಿದ ಹಾಗೆ ಗಡ್ಡೆಯ ಎಲ್ಲ ಭಾಗಕ್ಕೂ ಔಷಧ ಹರಡುತ್ತಾರೆ. ಚುಚ್ಚಿದ ಜಾಗವನ್ನು ಒರೆಸಿ, ಗಾಳಿಯಾಡದ ಪಟ್ಟಿ ಹಾಕುತ್ತಾರೆ. ಆ ದಿನ ಅಥವಾ ಮರುದಿನ ಚಳಿ, ಜ್ವರ, ಮೈಕೈ ನೋವು ಬರುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ.

ಆ ಪಟ್ಟಿಯನ್ನು ಕನಿಷ್ಠ ಒಂದು ವಾರ ತೆಗೆಯಬಾರದು. ಬದಲಿಸಬೇಕಾದರೆ ಕೈಗವಸು ಹಾಕಿಕೊಂಡು ಬದಲಿಸಿ, ಹಳೆಯ ಪಟ್ಟಿಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ, ಹಸುಗೂಸು ಇದ್ದರೆ, ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಅವರು ಆ ಜಾಗವನ್ನು ಮುಟ್ಟಬಾರದು. ರೋಗಿಯ ರೋಗನಿರೋಧಕ ಶಕ್ತಿಯೇ ತೀರ ಕುಂದಿದ್ದರೆ ಈ ಔಷಧವನ್ನು ಕೊಡುವುದೇ ಇಲ್ಲ. ತಿದ್ದಿದ ಹರ್ಪಿಸ್ ವೈರಸ್ ಕೈ ಮೀರಿದರೆ ಅಸೈಕ್ಲೊವಿರ್ ಎಂಬ ಹಳೆಯ, ನಂಬಿಕಸ್ಥ ಔಷಧ ಅದನ್ನು ಅಡಗಿಸುತ್ತದೆ. ಆ ಔಷಧಕ್ಕೆ ಬಗ್ಗುವ ಗುಣವನ್ನು ವೈರಸ್‌ನಲ್ಲಿ ಬೇಕೆಂದೇ ಉಳಿಸಿದ್ದಾರೆ. ಇಷ್ಟೆಲ್ಲ ಕಟ್ಟುಪಾಡು ಪ್ರಯೋಗಾಲಯದಲ್ಲಿ ತಾವೇ ಬೆಳೆಸಿ ಚುಚ್ಚಿಕೊಳ್ಳುವ ವೈರಸ್‌ಗೆ ಇರುವುದಿಲ್ಲ.

ವೈರಸ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ನೀವು ಕೇಳಿದ್ದು ನಿಜ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಪಿವಿ, ಯಕೃತ್ತಿನ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮತ್ತು ಸಿ ಕಾರಣವಾಗುತ್ತವೆ. ಅವು ಕೋಶವನ್ನು ಒಡೆದು ಹೊರಟುಹೋಗುವ ಜಾತಿಯಲ್ಲ, ವರ್ಷಾನುಗಟ್ಟಲೆ ಒಳಗೇ ಬೀಡುಬಿಟ್ಟು ಕೋಶದ ಸ್ವಭಾವ ಕೆಡಿಸುವವು. ಚಿಕಿತ್ಸೆಗೆ ಬಳಸುವವು ಬೇರೆ. ಎಚ್‌ಪಿವಿ ಮತ್ತು ಹೆಪಟೈಟಿಸ್ ಬಿ ಎರಡಕ್ಕೂ ಲಸಿಕೆಯಿದೆ, ಮಕ್ಕಳಿಗೆ ಹಾಕಿಸಿ. ವೈರಸ್ ಮತ್ತು ಕ್ಯಾನ್ಸರ್ ನಡುವಿನ ನಂಟಿನಿಂದ ಮನುಷ್ಯರಿಗೆ ಇದುವರೆಗೆ ಆಗಿರುವ ಅತಿ ದೊಡ್ಡ ಉಪಕಾರ ಈ ಎರಡು ಲಸಿಕೆಗಳೇ ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಅಕ್ಕನಿಗೆ ಹತ್ತಿರದ ಸಂಗತಿಯೊಂದಿದೆ. ಟ್ರಿಪಲ್ ನೆಗೆಟಿವ್ ಎಂಬ, ಅಂದರೆ ಎರಡು ಹಾರ್ಮೋನ್ ಗ್ರಾಹಕಗಳೂ ಹರ್-2 ಪ್ರೋಟೀನೂ ಕಾಣದ ಬಗೆಯ ಸ್ತನ ಕ್ಯಾನ್ಸರ್ ಇದ್ದ 37 ಮಹಿಳೆಯರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಟಿ-ವೆಕ್ ಮತ್ತು ಕಿಮೋಥೆರಪಿ ಎರಡನ್ನೂ ಕೊಟ್ಟ ಎರಡನೆಯ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಶೇಕಡಾ 45.9ರಷ್ಟು ಮಹಿಳೆಯರಲ್ಲಿ ಕ್ಯಾನ್ಸರ್ ಕೋಶವೇ ಉಳಿದಿರಲಿಲ್ಲ. ಹೋಲಿಕೆಯ ಗುಂಪು ಇಲ್ಲದ ಸಣ್ಣ ಪ್ರಯೋಗ ಇದು, ಆದರೂ ನನ್ನ ಮನಸ್ಸಿನಲ್ಲಿ ಆಸೆ ಹುಟ್ಟಿಸಿದೆ. ಅಲ್ಲಿಯೂ ವೈರಸ್ ಬಂದದ್ದು ಕಿಮೋಥೆರಪಿಯ ಜೊತೆಗೆ, ಅದರ ಜಾಗಕ್ಕೆ ಅಲ್ಲ. ಅಕ್ಕ ಒಪ್ಪುವ ಮಾತು ಯಾವುದಾದರೂ ಇದ್ದರೆ ಇದೇ ಎಂದು ನನಗನ್ನಿಸುತ್ತದೆ.

ಕಿಮೋಥೆರಪಿಯ ಭಯ ಅವರನ್ನು ಆ ಸುದ್ದಿಯ ಕಡೆಗೆ ತಳ್ಳಿರಬಹುದು. ಹಾಗಿದ್ದರೆ ವೈದ್ಯರೊಂದಿಗೆ ಆ ಭಯವನ್ನೇ ಬಿಚ್ಚಿ ಮಾತಾಡಲಿ. ಹಿಂದೆಯೂ ಕಿಮೋಥೆರಪಿ ಆಗಿದ್ದರೆ ಆಗ ಯಾವುದು ತಾಳಲಾಗಲಿಲ್ಲ, ವಾಂತಿಯೋ, ಸುಸ್ತೋ, ಕೈಕಾಲು ಜೋಮು ಹಿಡಿದದ್ದೋ ಎಂದು ಹೇಳಿಕೊಂಡರೆ ಔಷಧ ಬದಲಿಸಲು, ಪ್ರಮಾಣ ಹೊಂದಿಸಲು ದಾರಿಗಳಿವೆ. ವೈರಸ್ ಚಿಕಿತ್ಸೆ ಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ ಯಾವ ವೈರಸ್, ಸೀಸೆಯಲ್ಲಿ ಎಷ್ಟು, ಎಣಿಸಿದವರು ಯಾರು, ಪ್ರಯೋಗದ ನೋಂದಣಿ ಸಂಖ್ಯೆ ಏನು ಎಂದು ಬರವಣಿಗೆಯಲ್ಲಿ ಕೇಳಿ. ಪ್ರಯೋಗದ ಹಂತದ ಔಷಧವೆಂದು ಹೇಳಿ ಅದಕ್ಕೆ ದೊಡ್ಡ ಮೊತ್ತ ಕೇಳುವವರಿಂದ ದೂರವಿರಿ.

ಮುಂದಿನ ಭೇಟಿಗೆ ಹೋಗುವಾಗ ಬಯಾಪ್ಸಿ ವರದಿ ಕೈಯಲ್ಲಿರಲಿ. ನಾಲ್ಕು ವರ್ಷದ ಹಿಂದಿನದಲ್ಲ, ಈಗ ಬಂದಿರುವ ಗಡ್ಡೆಯದು. ಅದರಲ್ಲಿ ಈಸ್ಟ್ರೊಜೆನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕ, ಹರ್-2 ಎಂಬ ಮೂರು ಸಾಲುಗಳಿರುತ್ತವೆ. ಮರುಕಳಿಸಿದ ಗಡ್ಡೆಯಲ್ಲಿ ಇವು ಮೊದಲಿನಂತೆಯೇ ಇರಬೇಕೆಂದಿಲ್ಲ. ಹೊಸ ಗಡ್ಡೆಯಿಂದ ಇನ್ನೂ ಚೂರು ತೆಗೆದು ಪರೀಕ್ಷಿಸಿಲ್ಲವಾದರೆ ಏಕೆಂದು ಕೇಳಿ. ಹರ್-2 ಹೆಚ್ಚಿದ್ದರೆ ಜಾಗ್ರೆಬ್‌ನ ವಿಜ್ಞಾನಿ ಕೊನೆಯ ಒಂದು ವರ್ಷ ತೆಗೆದುಕೊಂಡ ಅದೇ ಟ್ರಾಸ್ಟುಜುಮ್ಯಾಬ್ ನಿಮ್ಮ ಅಕ್ಕನಿಗೂ ಸಿಗುವಂಥದ್ದು, ಅದಕ್ಕೆ ಯಾವ ಪ್ರಯೋಗಕ್ಕೂ ಕಾಯಬೇಕಿಲ್ಲ.